ಕುಂಕುಮ ಹಚ್ಚಿದ ಪಂಪುಗಳ ಫೋಟೋ

ಹೊಸಪೇಟೆಯ ಹೊರಗೆ ಶೆಡ್ಡುಗಳ ಸಾಲಿನಲ್ಲಿ ನೀರೆತ್ತುವ ಪಂಪು ತಯಾರಿಸುವ ಒಂದು ಕಾರ್ಖಾನೆ ಇತ್ತು. ಅದರ ಆಫೀಸಿನಲ್ಲೇ ನನ್ನ ಮೊದಲ ಕೆಲಸ. ಮಲಪನಗುಡಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ತೀರಿಕೊಂಡ ಮೇಲೆ ಅವ್ವ ಬಾಳೆ ತೋಟಗಳಲ್ಲಿ ಕೂಲಿ ಮಾಡಿ ಓದಿಸಿದಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೇಳಿದಾಗಲೆಲ್ಲ ಮಾಲೀಕರದು ಒಂದೇ ಉತ್ತರ: "ಸಂಡೂರಿನ ಮೀಟಿಂಗ್ ಮುಗೀಲಿ, ಆಮ್ಯಾಲ ನೋಡೋಣ."

ಸಂಡೂರಿನ ಒಂದು ಗಣಿಯವರಿಗೆ ನಮ್ಮ ಹೊಸ ಸಾಫ್ಟ್‌ವೇರ್ ತೋರಿಸಬೇಕಿತ್ತು. ಎಷ್ಟು ನೀರು, ಎಷ್ಟು ಎತ್ತರಕ್ಕೆ ಎಂದು ಗಿರಾಕಿ ತುಂಬಿದರೆ ಅದಕ್ಕೆ ಹೊಂದುವ ಪಂಪುಗಳು ಫೋಟೋ ಸಮೇತ ಬರುತ್ತವೆ. ಒಂದನ್ನು ಆರಿಸಿದರೆ ಅದರ ವಿವರವೆಲ್ಲ ರಿಪೋರ್ಟಾಗಿ ಪ್ರಿಂಟ್ ಆಗುತ್ತದೆ. ಆ ಫೋಟೋಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಕಾಣಬೇಕು. ಅದು ನನ್ನ ಪಾಲಿನ ಕೆಲಸ.

ಶೆಡ್ಡು ಖಾಲಿ ಸಿಗುವುದು ಆಯುಧಪೂಜೆಯ ರಜೆಯಲ್ಲಿ ಮಾತ್ರ ಎಂದು ಫೋಟೋಗ್ರಾಫರ್ ಆಗಲೇ ಬಂದು ತೆಗೆದು ಹೋಗಿದ್ದ. ನಮ್ಮ ಕಡೆ ಮಷಿನಿಗೆ ಹಚ್ಚಿದ ಪೂಜೆಯ ಕುಂಕುಮವನ್ನು ಯಾರೂ ಬಟ್ಟೆ ತೆಗೆದುಕೊಂಡು ಒರೆಸುವುದಿಲ್ಲ. ತಾನಾಗಿ ಉದುರಿದಾಗ ಉದುರಲಿ ಎಂದು ಬಿಡುತ್ತಾರೆ. ಹಾಗಾಗಿ ಪ್ರತಿ ಪಂಪಿಗೂ ಮೂರೆಳೆ ವಿಭೂತಿ, ನಡುವೆ ದೊಡ್ಡ ಕುಂಕುಮ, ಬೋಲ್ಟಿಗೆ ಸಿಕ್ಕಿಸಿದ ಚೆಂಡುಹೂವು. ಒಂದರ ಬಾಯಿಯಲ್ಲಿ ನಿಂಬೆಹಣ್ಣೂ ಇತ್ತು.

ಹಿನ್ನೆಲೆ ಬಿಳಿ ಮಾಡಿದೆ. ನೀರು ಎಳೆಯುವ ಬಾಯಿ ಎಲ್ಲದರಲ್ಲೂ ಎಡಕ್ಕೇ ಬರುವಂತೆ ನೋಡಿಕೊಂಡೆ. ಉಲ್ಟಾ ದಿಕ್ಕಿನಿಂದ ತೆಗೆದವನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಹಾಗೆ ಮಗುಚುವುದು ಸುಲಭ, ಆದರೆ ಆಗ ಎಡದ ಭಾಗಗಳೆಲ್ಲ ಬಲಕ್ಕೆ ಹೋಗಿ ಪಂಪೇ ಬೇರೆಯಾಗಿಬಿಡುತ್ತದೆ. ಅವನ್ನು ಮತ್ತೆ ತೆಗೆಸಿದೆ. ಪರದೆಗೆ ಚಿಕ್ಕ ಪ್ರತಿ, ಪ್ರಿಂಟಿಗೆ ದೊಡ್ಡ ಪ್ರತಿ. ಕೊನೆಗೆ ಹೂವು, ವಿಭೂತಿ, ಕುಂಕುಮ ಎಲ್ಲ ಅಳಿಸಿದೆ.

ಮೀಟಿಂಗಿನ ಹಿಂದಿನ ದಿನ ಶುಕ್ರವಾರ. ವಾರದ ಪೂಜೆಗೆ ಮಾಲೀಕರ ತಾಯಿ ಶೆಡ್ಡಿಗೆ ಬಂದಿದ್ದರು. ಮಂಗಳಾರತಿ ಕೊಡಲು ಆಫೀಸಿನೊಳಗೆ ಬಂದವರು ನನ್ನ ಪರದೆ ನೋಡಿ ನಿಂತುಬಿಟ್ಟರು.

"ಇದ್ಯಾಕ ಹಿಂಗ ಮಾಡೀಯವ್ವಾ? ನಾ ಹಚ್ಚಿದ ಕುಂಕುಮ ಎಲ್ಲಿ?"

"ಫೋಟೋದಾಗ ಅಷ್ಟ ತಗದೀನ್ರಿ, ಅಮ್ಮಾ."

"ಬೋಳು ಹಣಿ ಮಾಡಿ ಕುಂದ್ರಿಸಿ ಗಿರಾಕಿಗೆ ತೋರಸ್ತೀಯೇನು? ಚಂದ ಆತು ನಿನ್ನ ಓದು!"

ಮನೆಯಲ್ಲಿ ಅವ್ವನ ಹಣೆಯೂ ಬೋಳೇ. ಮಾತು ಚುಚ್ಚಿತು.

ಮಾಲೀಕರು ಬಂದರು. "ಅಮ್ಮ ಅಂದ್ಮ್ಯಾಲ ಮುಗೀತು. ಹಳೇ ಫೋಟೋ ಅದಾವಲ್ಲ, ಅವನ್ನ ಹಾಕಿಬಿಡು."

"ಸಾರ್, ಪರದೆ ಮ್ಯಾಲ ನಡೀತೈತ್ರಿ. ಗಣಿ ಆಫೀಸ್‌ನಾಗ ಪ್ರಿಂಟ್ ತಗಿಯೋದು ಕಪ್ಪು ಬಿಳುಪಿನಾಗ. ಅಲ್ಲಿ ಕೆಡತೈತಿ."

"ಫೋಟೋ ಯಾರ್ ನೋಡ್ತಾರ? ಜಲ್ದಿ ಮಾಡು."

ಹಳೆಯದನ್ನೇ ಹಾಕಿದರೆ ನಾಳೆ ಗಣಿಯವರ ಮುಂದೆ ನನ್ನ ಕೆಲಸ ಅಂತ ತೋರಿಸಲು ಏನೂ ಉಳಿಯುವುದಿಲ್ಲ. ತೋರಿಸಲು ಏನೂ ಇಲ್ಲದವಳನ್ನು ಕಾಯಂ ಯಾಕೆ ಮಾಡುತ್ತಾರೆ? ಹಳೆಯ ಫೋಟೋ ಹಾಕಿ ಒಂದು ರಿಪೋರ್ಟನ್ನು ನಮ್ಮ ಪ್ರಿಂಟರಿನಲ್ಲೇ ತೆಗೆದೆ. ಕುಂಕುಮ ಕರ್ರಗೆ ದುಂಡಗೆ ಬಂದಿತ್ತು. ವಿಭೂತಿ ಮೈಮೇಲೆ ಗೀರು ಎದ್ದಂತೆ ಕಾಣುತ್ತಿತ್ತು. ಅದನ್ನು ಮಾಲೀಕರಿಗೆ ಕೊಡಲಿಲ್ಲ. ಶೆಡ್ಡಿನಲ್ಲಿ ಪ್ರಸಾದ ಹಂಚುತ್ತಿದ್ದ ಅಮ್ಮನ ಕೈಗೇ ಕೊಟ್ಟೆ.

ಅವರು ಹಾಳೆಯನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. "ಇದ್ಯಾವ ಪಂಪು? ತೂತು ಬಿದ್ದೈತಲ್ಲ!"

"ತೂತಲ್ರಿ, ಅಮ್ಮಾ. ನೀವು ಹಚ್ಚಿದ ಕುಂಕುಮ."

ಅವರು ಅಷ್ಟರಲ್ಲಿ ಶೆಡ್ಡಿಗೆ ಬಂದ ಮಗನ ಕಡೆ ತಿರುಗಿದರು. "ಲೇ, ತೂತು ಬಿದ್ದ ಪಂಪು ಯಾರ್ ತಗಂತಾರಲೇ? ಈ ಹುಡುಗಿ ಹೇಳಿದ್ದು ಕೇಳಾಕ ಏನಾಗಿತ್ತು ನಿಂಗ?"

"ನೀನಽ ಹೇಳಿದ್ಯಲ್ಲಮ್ಮ!"

"ನಾ ಹೇಳ್ತೀನಿ. ನೋಡಬೇಕಾದಾಂವ ನೀನು." ನನಗೂ ಬೆರಳು ತೋರಿಸಿದರು. "ಹಂಗಂತ ಶೆಡ್ಡಿನಾಗಿನ್ದು ಒರಸಿಗಿರಸೀಯ, ಮತ್ತ!"

"ಇಲ್ರಿ ಅಮ್ಮಾ, ಅಲ್ಲಿಗೆ ನನ್ನ ಕೈ ಬರಂಗಿಲ್ಲ."

ಮರುದಿನ ಸಂಡೂರಿನಲ್ಲಿ ಗಣಿಯ ಇಂಜಿನಿಯರ್ ತಾವೇ ಕೂತು ಅಂಕಿ ತುಂಬಿದರು, ಪಂಪು ಆರಿಸಿದರು, ಪ್ರಿಂಟ್ ತೆಗೆದರು. ಅವರ ಕಣ್ಣು ಕುಂಕುಮ ಅಳಿಸಿದ ಫೋಟೋದ ಮೇಲೆ ಒಮ್ಮೆ ಹಾದು ಕೆಳಗಿನ ವಿವರಕ್ಕೆ ಇಳಿಯಿತು. ಮೋಟರಿನ ಬಗ್ಗೆ ಕೇಳಿದರು, ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳಿದರು. ಫೋಟೋದ ಬಗ್ಗೆ ಏನೂ ಕೇಳಲಿಲ್ಲ. ನನಗೆ ಬೇಕಾಗಿದ್ದೂ ಅದೇ. ಹೊರಡುವ ಮುಂಚೆ, ಉಳಿದ ಪಂಪುಗಳ ರಿಪೋರ್ಟೂ ಕಳಿಸಿ ಎಂದರು.

ವಾಪಸ್ ಬರುವಾಗ ಜೀಪಿನಲ್ಲಿ ಮಾಲೀಕರು ಹೇಳಿದರು: "ಸೋಮವಾರದಿಂದ ಬಿಡಿಭಾಗದ ಫೋಟೋ ಶುರು ಮಾಡು."

"ನನ್ನ ಕೆಲಸ ಕಾಯಂ ಆತೇನ್ರಿ, ಸಾರ್?"

"ಆದಂಗಽ ಬಿಡು. ಇಲ್ಲಾಂದ್ರ ಅದನ್ನ ಯಾರ್ ಮಾಡ್ತಾರ?"

"ಹಂಗಾದ್ರ ಬರದು ಕೊಡ್ರಿ."

ಡ್ರೈವರ್ ನಕ್ಕ. ಮಾಲೀಕರೂ ನಕ್ಕರು. "ಯಾಕ, ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?"

"ಐತ್ರಿ. ಅವ್ವಗ ತೋರಿಸಬೇಕು."

"ನಿಮ್ಮವ್ವಗ ಓದಾಕ ಬರತೈತೇನು?"

"ನಾ ಓದಿ ಹೇಳ್ತೀನ್ರಿ," ಎಂದೆ.