ಮಾವನ ಕಾರಿಗೆ ಹೊಸ ಸೈಲೆನ್ಸರ್

ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಸೈಲೆನ್ಸರ್ ಕೆಲಸ ಬಿಟ್ಟು ಬೇರೆ ಕೆಲಸ ಮುಟ್ಟಿದವನಲ್ಲ. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿ ಇರುವಾಗಲೇ, ‘ಮುಂದಿನ ಜಾಯಿಂಟ್ ಬಿಟ್ಟಿದೆ’ ಎಂದೋ, ‘ಡಬ್ಬಿಯೊಳಗೆ ತಗಡು ಕಳಚಿದೆ’ ಎಂದೋ ಹೇಳಿಬಿಡುತ್ತಿದ್ದ. ಆಮೇಲೆ ಕೆಳಗಿಳಿದು ನೋಡಿದರೆ ಹೇಳಿದ್ದು ಹೇಳಿದ ಹಾಗೇ ಇರುತ್ತಿತ್ತು. ಶೆಡ್ಡು ದೊಡ್ಡದೇನಲ್ಲ. ತಗಡಿನ ಮಾಡು, ನೆಲದಲ್ಲಿ ಒಬ್ಬ ನಿಲ್ಲುವಷ್ಟು ಗುಂಡಿ, ಗೋಡೆಗೆ ಒರಗಿಸಿದ ಪೈಪುಗಳು. ಹಿಂದಿನ ಬಾಗಿಲು ತೆಗೆದರೆ ಮನೆಯ ಅಡುಗೆಮನೆ. ಮಧ್ಯಾಹ್ನ ಹೆಂಡತಿ ಅಲ್ಲಿಂದಲೇ ಕೂಗುತ್ತಿದ್ದಳು, ‘ರೀ, ಆ ಗುಂಡಿಯಿಂದ ಎದ್ದು ಬರ್ತೀರೋ, ತಟ್ಟೆ ಅಲ್ಲಿಗೇ ಇಳಿಸ್ಲೋ?’

ಅವಳ ತಂದೆಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕರೆದುಕೊಂಡು ಹೋಗುತ್ತಿದ್ದವನು ಅವರ ಒಬ್ಬನೇ ಮಗ, ಎಂದರೆ ಮೇಸ್ತ್ರಿಯ ಭಾಮೈದ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಕಾರು ಮಾವನದೇ, ಇಪ್ಪತ್ತೆರಡು ವರ್ಷದ ಹಳೆಯ ಸೆಡಾನ್. ಅಕ್ಕ ತಮ್ಮ ಇಬ್ಬರೂ ಕಾಲೇಜಿಗೆ ಹೋಗುವಾಗ ಅದರ ಹಿಂದಿನ ಸೀಟಿನಲ್ಲಿ ಜಗಳವಾಡಿದವರು. ಆಸ್ಪತ್ರೆ ದಿಣ್ಣೆಯ ಮೇಲಿತ್ತು. ಆ ಏರು ಹತ್ತುವಾಗ ಕಾರು ಏದುಸಿರು ಬಿಡುತ್ತಿತ್ತು, ಹಿಂದಿನವರು ಹಾರ್ನ್ ಬಾರಿಸಿ ಬೈದು ಮುಂದೆ ಹೋಗುತ್ತಿದ್ದರು. ಎರಡು ಸಲ ಅರ್ಧ ದಾರಿಯಲ್ಲೇ ನಿಂತುಹೋಯಿತು.

ಒಂದು ದಿನ ಅಪ್ಪ, ಮಗ ಇಬ್ಬರೂ ಶೆಡ್ಡಿಗೆ ಬಂದರು.

‘ಏನ್ ಅಳಿಯಂದಿರೇ,’ ಎಂದರು ಮಾವ, ಸೀಟಿನಲ್ಲಿ ಒರಗಿಕೊಂಡೇ. ‘ನನಗೂ ಈ ಕಾರಿಗೂ ಒಂದೇ ಕಾಯಿಲೆ. ಒಳಗಿನ ಕೊಳೆ ಹೊರಗೆ ಹೋಗಲ್ಲ. ನನ್ನದಂತೂ ಆಯ್ತು, ಇದಕ್ಕಾದರೂ ಏನಾದ್ರೂ ಮಾಡಿ.’

‘ಹಳೇ ಪೈಪೆಲ್ಲ ಕಿತ್ತುಹಾಕಿ ಭಾವ,’ ಎಂದ ಭಾಮೈದ. ‘ದೊಡ್ಡ ಪೈಪು, ಒಳ್ಳೇ ಸೈಲೆನ್ಸರು ಹಾಕಿದ್ರೆ ಎಂಜಿನ್ನಿಗೆ ಶಕ್ತಿ ಬರುತ್ತಂತಲ್ಲ. ಅಪ್ಪನ್ನ ನಡು ರಸ್ತೇಲಿ ಕೂರಿಸ್ಕೊಂಡು ಬೈಸ್ಕೊಳ್ಳೋದು ಸಾಕಾಗಿದೆ.’

ಮೇಸ್ತ್ರಿ ಗುಂಡಿಗಿಳಿದು ನೋಡಿದ. ಹೊಗೆಯ ವಿಷ ಸೋಸುವ ಕನ್ವರ್ಟರ್ ಒಳಗೇ ಕರಗಿ ಮುದ್ದೆಯಾಗಿತ್ತು. ಎಂಜಿನ್ನಿಗೆ ಉಸಿರು ಕಟ್ಟಿದ್ದು ಅಲ್ಲೇ. ಹೊಸದು ಹಾಕಬಹುದಿತ್ತು. ಆದರೆ ಈ ಮಾಡೆಲ್ಲಿಗೆ ಹೊಸದು ಸಿಗುವುದೇ ಕಷ್ಟ, ತರಿಸಲು ತಿಂಗಳಾದರೂ ಬೇಕು. ಅವನು ಅದನ್ನು ತೆಗೆದುಹಾಕಿ ಆ ಜಾಗಕ್ಕೆ ನೇರ ಪೈಪು ಕೂರಿಸಿದ. ಹಿಂದಿನವರೆಗೂ ಎರಡಿಂಚಿನ ಪೈಪು ಎಳೆದ. ತಿರುವುಗಳಲ್ಲಿ ಎಲ್ಲೂ ಚಪ್ಪಟೆಯಾಗದ ಹಾಗೆ ಬಗ್ಗಿಸಿದ. ಕೊನೆಗೆ, ಒಳಗೆ ಅಡೆತಡೆ ಇಲ್ಲದ ಉದ್ದನೆಯ ಸೈಲೆನ್ಸರ್. ಅದು ಹಳೆಯದಕ್ಕಿಂತ ಒಂದು ಗೇಣು ಉದ್ದವಿದ್ದದ್ದರಿಂದ ಹಿಂದಿನ ಬಾಲದ ಪೈಪಿಗೆ ಜಾಗ ಸಾಲಲಿಲ್ಲ. ಬಂಪರಿನಿಂದ ಹೊರಗೆ ಚಾಚಬೇಕಾದ ಬಾಯಿ ಬಂಪರಿನ ಅಡಿಯಲ್ಲೇ ಉಳಿಯಿತು.

ಕೆಲಸ ಮುಗಿಸುವಾಗ ಅವನ ಟಾರ್ಚಿನ ಬೆಳಕು ಡಿಕ್ಕಿಯ ತಳಕ್ಕೆ ಬಿತ್ತು. ಸ್ಟೆಪ್ನಿ ಇಡುವ ಗುಳಿಯ ಪಕ್ಕ ತಗಡು ತುಕ್ಕು ಹಿಡಿದು ಅಂಗೈ ಅಗಲ ತೂತಾಗಿತ್ತು. ಪೈಪಿನ ಬಾಯಿ ಅದರಿಂದ ಬಹಳ ದೂರವೇನೂ ಇರಲಿಲ್ಲ.

‘ಇಲ್ಲೊಂದು ತಗಡು ಬೆಸೀಬೇಕು,’ ಎಂದ. ‘ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕಿದೆ. ಅದನ್ನ ಇಳಿಸಿಯೇ ಬೆಂಕಿ ಹಚ್ಬೇಕು. ಅರ್ಧ ದಿನ ಗಾಡಿ ಬಿಟ್ಟುಹೋಗು.’

‘ನಾಳೆ ಬೆಳಗ್ಗೆ ಅಪ್ಪನ ಸರದಿ ಇದೆಯಲ್ಲ ಭಾವ. ಮುಂದಿನ ವಾರ ತರ್ತೀನಿ.’

ಮೇಸ್ತ್ರಿ ‘ಹೂಂ’ ಎಂದ. ಮನಸ್ಸೆಲ್ಲ ಸದ್ದಿನ ಕಡೆಗಿತ್ತು. ಎಂಜಿನ್ ಶುರು ಮಾಡಿದಾಗ ಕಾರು ಗಂಟಲು ಸರಿಮಾಡಿಕೊಂಡ ಹಾಡುಗಾರನ ಹಾಗೆ ತುಂಬಿದ ದನಿಯಲ್ಲಿ ಗುನುಗಿತು. ತಾನು ಮಾಡಿದ್ದರಲ್ಲೇ ಚೆಂದದ ಕೆಲಸ ಇದು ಎಂದುಕೊಂಡ. ಮರುದಿನ ಭಾಮೈದ ಆಸ್ಪತ್ರೆಯಿಂದಲೇ ಫೋನ್ ಮಾಡಿದ. ‘ಮೂರನೇ ಗೇರಲ್ಲಿ ಹತ್ತಿಬಿಡ್ತು ಭಾವ! ಅಪ್ಪ ಚಪ್ಪಾಳೆ ತಟ್ಟಿದ್ರು!’

ಮುಂದಿನ ವಾರ ಬಂತು, ಹೋಯಿತು. ಕಾರು ಶೆಡ್ಡಿಗೆ ಬರಲಿಲ್ಲ. ಮೇಸ್ತ್ರಿಯೂ ಕೇಳಲಿಲ್ಲ.

ಚಳಿ ಏರಿತು. ಆಸ್ಪತ್ರೆಯಿಂದ ಬಂದ ದಿನವೆಲ್ಲ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಮಾವ ಮಗಳಿಗೆ ಹೇಳತೊಡಗಿದರು. ಡಯಾಲಿಸಿಸ್ ಆದವರಿಗೆ ಅದೆಲ್ಲ ಇದ್ದದ್ದೇ ಎಂದು ನರ್ಸ್ ಹೇಳಿದ್ದಳು. ಭಾಮೈದನಿಗೂ ಒಮ್ಮೊಮ್ಮೆ ತಲೆ ಹಿಡಿದುಕೊಳ್ಳುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಇರಬೇಕು ಎಂದುಕೊಂಡ.

ಐದನೆಯ ವಾರದ ಒಂದು ಬೆಳಗ್ಗೆ, ಡಯಾಲಿಸಿಸ್ ಮುಗಿದ ಮೇಲೆ, ಅವನು ತಂದೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕಂಬಳಿ ಹೊದೆಸಿದ. ಅವರು ಗಡಗಡ ನಡುಗುತ್ತಿದ್ದರು. ಎಂಜಿನ್ ಚಾಲೂ ಇಟ್ಟು, ಹೀಟರ್ ಹಾಕಿ, ಕಿಟಕಿಗಳನ್ನೆಲ್ಲ ಏರಿಸಿ, ಔಷಧಿ ತರಲು ಹೋದ. ಕಾರು ನಿಂತಿದ್ದದ್ದು ಆಸ್ಪತ್ರೆಯ ಹಿಂಗೋಡೆಗೆ ಬೆನ್ನು ಕೊಟ್ಟು. ಔಷಧಿ ಅಂಗಡಿಯ ಮುಂದೆ ಉದ್ದ ಸಾಲು. ಮುಕ್ಕಾಲು ಗಂಟೆಯ ನಂತರ ಬಂದು, ‘ಅಪ್ಪಾ, ಹೊರಡೋಣ್ವಾ?’ ಎಂದ. ಉತ್ತರ ಬರಲಿಲ್ಲ.

ಹೃದಯ ನಿಂತಿದೆ ಎಂದು ವೈದ್ಯರು ಬರೆದುಕೊಟ್ಟರು. ಎಪ್ಪತ್ತಾರರ ರೋಗಿ. ಯಾರೂ ಹೆಚ್ಚೇನೂ ಕೇಳಲಿಲ್ಲ.

ಮಾವನ ಮನೆಯ ನಡುಕೋಣೆಯಲ್ಲಿ ಅವರನ್ನು ಮಲಗಿಸಿದಾಗ ನೆರೆಯ ಹೆಂಗಸೊಬ್ಬಳು, ‘ನೋಡಿ, ಎಷ್ಟು ಕಳೆಯಾಗಿದೆ ಮುಖ. ಕೆನ್ನೆ ಕೆಂಪಗಿದೆ. ಪುಣ್ಯಾತ್ಮರು,’ ಎಂದಳು. ಎರಡು ವರ್ಷದಿಂದ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದ ಮುಖ ಅದು. ಮೇಸ್ತ್ರಿ ನೋಡಿದ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿಕೊಂಡು, ಅದರ ಹೊಗೆ ಕುಡಿದು ಸತ್ತ ಡ್ರೈವರೊಬ್ಬನ ಹೆಣವನ್ನು ಅವನು ಹಿಂದೊಮ್ಮೆ ನೋಡಿದ್ದ. ಅದೂ ಇದೇ ಬಣ್ಣ.

ಹೊರಗೆ ಹೋಗಿ ಡಿಕ್ಕಿ ತೆಗೆದು ಹಾಸು ಎತ್ತಿದ. ಹಾಸಿನ ಅಡಿಯೆಲ್ಲ ಮಸಿ. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಇದ್ದದ್ದು ಬರೀ ರಟ್ಟು ಮತ್ತು ಸ್ಪಂಜು. ಅದರ ಅಂಚುಗಳೂ ಕಪ್ಪಾಗಿದ್ದವು. ಹಾಸನ್ನು ಮೊದಲಿನಂತೆ ಹಾಸಿ, ಡಿಕ್ಕಿ ಮುಚ್ಚಿ, ಒಳಗೆ ಬಂದು ಹೆಂಡತಿಯ ಪಕ್ಕ ನಿಂತ.

ಮೂರು ದಿನ ಬಿಟ್ಟು ತಾನೇ ಹೋಗಿ ಕಾರು ತಂದ. ಟ್ಯಾಂಕ್ ಇಳಿಸಿ ತಗಡು ಬೆಸೆದ, ಬಾಲದ ಪೈಪನ್ನು ಬಂಪರಿನಿಂದ ಹೊರಗೆ ಎಳೆದ. ‘ಇದಕ್ಕೇನು ಈಗ ಅವಸರ ಇತ್ತು ಭಾವ?’ ಎಂದು ಭಾಮೈದ ಕೇಳಿದ. ‘ಸುಮ್ನೆ ಕೂತ್ರೆ ಆಗ್ತಿಲ್ಲ’ ಎಂದಷ್ಟೇ ಹೇಳಿದ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು, ‘ಕೊನೇ ದಿನಗಳಲ್ಲಿ ಅಪ್ಪ ರಾಜನ ಹಾಗೆ ಓಡಾಡಿದ್ರು. ಎಲ್ಲ ಇವರಿಂದ.’ ಅದು ಕಿವಿಗೆ ಬಿದ್ದಾಗಲೆಲ್ಲ ಮೇಸ್ತ್ರಿ ಎದ್ದು ಶೆಡ್ಡಿಗೆ ಹೋಗಿಬಿಡುತ್ತಿದ್ದ.

ನಾಲ್ಕು ತಿಂಗಳಾದ ಮೇಲೆ ಭಾಮೈದ ಕಚೇರಿಯ ಗೆಳೆಯನನ್ನು ಕರೆದುಕೊಂಡು ಬಂದ. ಅವನದೂ ಹಳೆಯ ಸೆಡಾನ್.

‘ಭಾವ, ನಮ್ಮ ಕಾರಿಗೆ ಮಾಡಿದ ಹಾಗೇ ಇವರಿಗೂ ಮಾಡ್ಕೊಡಿ.’

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ‘ಆಗಲ್ಲ’ ಎಂದ.

‘ಯಾಕೆ ಭಾವ? ಅಷ್ಟು ಚೆನ್ನಾಗಿ…’

‘ಆಗಲ್ಲ ಅಂದೆನಲ್ಲ!’

ಗೆಳೆಯ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಭಾಮೈದ ನಿಂತೇ ಇದ್ದ. ಆಗ ಮೇಸ್ತ್ರಿ ಎಲ್ಲವನ್ನೂ ಹೇಳಿದ. ತೂತು, ಮಸಿ, ಕೆನ್ನೆಯ ಕೆಂಪು. ಕಿತ್ತುಹಾಕಿದ ಕನ್ವರ್ಟರನ್ನೂ ಬಿಡಲಿಲ್ಲ.

ಭಾಮೈದ ಗುಂಡಿಯ ಅಂಚಿನಲ್ಲಿ ಕುಳಿತ.

‘ಕಿಟಕಿ ಏರಿಸಿದ್ದು ನಾನು ಭಾವ. ಗಾಳಿ ಬರುತ್ತೆ, ಅಪ್ಪನಿಗೆ ಚಳಿ ಅಂತ ಒಂದೊಂದನ್ನೂ ಬಿಗಿಯಾಗಿ ಏರಿಸ್ದೆ.’

‘ನಿನಗೇನು ಗೊತ್ತಿತ್ತು? ಗೊತ್ತಿರಬೇಕಾದವನು ನಾನು.’

‘ಹಾಗಾದ್ರೆ ನೀವೊಬ್ಬರೇ ಇಟ್ಕೋಬೇಕಿತ್ತು. ಈಗ ಹೇಳಿ ನಿಮ್ಮೆದೆ ಹಗುರ ಮಾಡ್ಕೊಂಡ್ರಿ. ಇನ್ಮೇಲೆ ನಾನು ಹೇಗೆ ಹೊರಲಿ?’ ಎದ್ದು ಬಾಗಿಲ ತನಕ ಹೋಗಿ ತಿರುಗಿದ. ‘ಅಕ್ಕನಿಗೆ ಹೇಳ್ಬೇಡಿ.’

ಕಾರನ್ನು ಅದೇ ವಾರ ಗುಜರಿಗೆ ಹಾಕಿದ. ಅಕ್ಕನ ಮನೆಗೆ ಬರುವುದನ್ನು ನಿಲ್ಲಿಸಿದ. ಫೋನ್ ಮಾಡಿದರೆ ‘ಕೆಲಸ ಇದೆ’ ಎಂದು ಇಡುತ್ತಿದ್ದ. ಅಕ್ಕ ಮೊದಮೊದಲು ಅತ್ತಳು, ಆಮೇಲೆ ಸಿಟ್ಟಾದಳು.

‘ಅಪ್ಪ ಹೋದ್ರು, ಇನ್ನು ಅಕ್ಕ ಯಾಕೆ ಬೇಕು ಅಂತ. ಅಪ್ಪ ಆಸೆಪಟ್ಟು ಇಟ್ಕೊಂಡಿದ್ದ ಕಾರನ್ನೂ ಗುಜರಿಗೆ ಹಾಕ್ದ. ಕೃತಘ್ನ!’

ಹತ್ತು ಸಲ ಕೇಳಿಸಿಕೊಂಡು ಸುಮ್ಮನಿದ್ದ ಮೇಸ್ತ್ರಿ ಹನ್ನೊಂದನೆಯ ಸಲ ಸಹಿಸಲಿಲ್ಲ. ಅವಳು ತರಕಾರಿ ಹೆಚ್ಚುತ್ತಿದ್ದಳು. ‘ಅವನನ್ನ ಬೈಬೇಡ’ ಎಂದು ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದ. ಅವಳು ಚಾಕು ಕೆಳಗಿಡದೆಯೇ ಕೇಳಿಸಿಕೊಂಡಳು.

‘ಅಪ್ಪ ತಲೆನೋವು ತಲೆನೋವು ಅಂತಿದ್ದದ್ದು?’

‘ಅದಕ್ಕೇ.’

‘ನಾನು ಮಾತ್ರೆ ಕೊಟ್ಟು ಮಲಗಿ ಅಂತಿದ್ದೆ,’ ಎಂದಳು.

ಮಧ್ಯಾಹ್ನದ ಬಸ್ಸಿಗೆ ತಮ್ಮನ ಮನೆಗೆ ಹೋದಳು. ಹನ್ನೊಂದು ದಿನ ಅಲ್ಲೇ ಇದ್ದಳು. ಅಕ್ಕ ತಮ್ಮ ಏನು ಮಾತಾಡಿಕೊಂಡರೋ ಮೇಸ್ತ್ರಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಹನ್ನೆರಡನೆಯ ದಿನ ಬಂದು ಒಲೆ ಹಚ್ಚಿದಳು. ಅಡುಗೆ ಮಾಡುತ್ತಾಳೆ, ಅವನ ಬಿ.ಪಿ. ಮಾತ್ರೆ ನೆನಪಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಕೇಳದೆ ಏನನ್ನೂ ಹೇಳುವುದಿಲ್ಲ. ಊಟದ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ, ಅವನು ತಲೆಯೆತ್ತಿ ನೋಡುವವರೆಗೆ.

ಮೇಸ್ತ್ರಿ ಕೆಲಸ ಬಿಟ್ಟಿಲ್ಲ. ಬೇರೆ ಏನೂ ಬರುವುದಿಲ್ಲ. ಸೋರುವ ಪೈಪು ಬೆಸೆದುಕೊಡುತ್ತಾನೆ, ಡಿಕ್ಕಿಯ ಹಾಸೆತ್ತಿ ನೋಡದೆ ಗಾಡಿ ಹೊರಬಿಡುವುದಿಲ್ಲ. ‘ಶಕ್ತಿ ಬರೋ ಹಾಗೆ ಮಾಡಿ’ ಎಂದವರನ್ನು ಹಿಂದಕ್ಕೆ ಕಳಿಸುತ್ತಾನೆ. ಹೋದ ವರ್ಷ ಅಕ್ಕನನ್ನು ಕಣ್ಣಿನ ಪರೀಕ್ಷೆಗೆ ಕರೆದೊಯ್ಯಲು ಭಾಮೈದ ಆಟೋದಲ್ಲಿ ಬಂದಿದ್ದ. ಇಳಿಯಲಿಲ್ಲ. ಶೆಡ್ಡಿನ ಕಡೆ ನೋಡಿ, ‘ಚೆನ್ನಾಗಿದ್ದೀರಾ ಭಾವ?’ ಎಂದ.

‘ಇದ್ದೀನಿ’ ಎಂದ ಮೇಸ್ತ್ರಿ.

ಅವಳು ಹತ್ತಿ ಕುಳಿತಳು. ಆಟೋ ಹೊರಟಿತು.