ಐರಿನ್ ಮೇಡಮ್ಮಿನ ಒಂಬತ್ತು ನಿಮಿಷ

ಮದುವೆಯ ವಿಡಿಯೊದಲ್ಲಿ ಬಾಯಿ ತುಂಬ ಅನ್ನ ತುಂಬಿಕೊಂಡ ನನ್ನನ್ನು ನೋಡಿ ನಗುವಷ್ಟು ದೊಡ್ಡ ಮನಸ್ಸು ನನಗಿದೆ. ಆದರೆ ನಾನು ಟೈಪ್ ಮಾಡಿದ್ದನ್ನು ಮತ್ತೆ ನೋಡುವುದೆಂದರೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಫಳ್ನೀರಿನ ಒಂದು ಸಣ್ಣ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿನ ಮುಖ್ಯ ಕಂಪ್ಯೂಟರಿಗೆ ಚಿತ್ರ, ಬಣ್ಣ, ಮೌಸು ಯಾವುದೂ ಬೇಡ. ಕಪ್ಪು ಪರದೆಯ ಮೇಲೆ ಒಂದೊಂದು ಸಾಲಿನ ಆಜ್ಞೆ ಬರೆದರೆ ಸಾಕು. ಹೀಗೆ ಬರೆಯುವುದನ್ನು ರೆಕಾರ್ಡ್ ಮಾಡಿಡಬಹುದು. ಮತ್ತೆ ಓಡಿಸಿದರೆ ಅಕ್ಷರಗಳು ತಾವಾಗಿಯೇ, ಅಂದಿನ ವೇಗದಲ್ಲೇ, ಒಂದೊಂದಾಗಿ ಮೂಡುತ್ತವೆ. ತಪ್ಪಿದ್ದು, ಅಳಿಸಿದ್ದು, ಪುನಃ ಅದೇ ತಪ್ಪು ಮಾಡಿದ್ದು ಎಲ್ಲವೂ ಬರುತ್ತದೆ. ಹಿಂದೆ ತಾಳೆಗರಿಯ ಲಿಪಿಕಾರರು ಬರೆದು ಮುಗಿಸಿದ ಮೇಲೆ, ಬೆನ್ನು ಮುರಿಯಿತು, ಕುತ್ತಿಗೆ ಹಿಡಿಯಿತು, ತಪ್ಪಿದ್ದರೆ ಕ್ಷಮಿಸಿ ಎಂದು ಕೈಮುಗಿಯುತ್ತಿದ್ದರಂತೆ. ಪುಣ್ಯವಂತರು! ಎಲ್ಲೆಲ್ಲಿ ತಡವರಿಸಿದರೆಂದು ಅವರ ಗರಿ ಯಾರಿಗೂ ಹೇಳಲಿಲ್ಲ. ನಾನಂತೂ ಒಂದು ಸರಳ ಶಬ್ದವನ್ನು ಮೂರು ಸಲ ತಪ್ಪಾಗಿ ಬರೆದು, ನಾಲ್ಕನೆಯ ಸಲ ಸರಿಯಾಗಿ ಬರೆದು, ಸಂಶಯ ಬಂದು ಅದನ್ನೂ ಅಳಿಸಿದ್ದೇನೆ. ಸಾಕ್ಷಿ ಇದೆ.

ಐರಿನ್ ಮೇಡಂ ಹಾಗಲ್ಲ. ನನಗಿಂತ ಮೊದಲು ಇಪ್ಪತ್ತು ವರ್ಷ ಈ ಕುರ್ಚಿಯಲ್ಲಿ ಕೂತವರು. ತಿಂಗಳಿಗೊಂದು ಆದಿತ್ಯವಾರ ಮುಖ್ಯ ಕಂಪ್ಯೂಟರನ್ನು ನಿಲ್ಲಿಸಿ, ಹೊಸ ತಂತ್ರಾಂಶ ಹಾಕಿ, ಮತ್ತೆ ಎಬ್ಬಿಸಬೇಕು. ನಿವೃತ್ತರಾಗುವ ಮೊದಲು ಅವರು ಅದನ್ನು ನನಗಾಗಿ ರೆಕಾರ್ಡ್ ಮಾಡಿಟ್ಟಿದ್ದರು. ಅವರ ಅಕ್ಷರಗಳು ಇಗರ್ಜಿಗೆ ಪ್ರಾರ್ಥನೆಗೆ ಹೊರಟವರ ಹಾಗೆ ಸಾಲಾಗಿ, ಗದ್ದಲವಿಲ್ಲದೆ ಬರುತ್ತವೆ. ನೋಡುತ್ತಾ ಕೂತರೆ ಹಾಯೆನಿಸುತ್ತದೆ. ಒಂದು ಕಡೆ ಮಾತ್ರ, ನಿಲ್ಲಿಸುವ ಆಜ್ಞೆ ಬರೆದವರು ಎಂಟರ್ ಒತ್ತದೆ ಒಂಬತ್ತು ನಿಮಿಷ ಸುಮ್ಮನಿದ್ದರು. ಅಲುಗಾಡದ ಪರದೆಯನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ? ಎರಡು ಸೆಕೆಂಡಿಗಿಂತ ಉದ್ದದ ಮೌನವನ್ನೆಲ್ಲ ಕತ್ತರಿಸಿ ಓಡಿಸುವ ಸೌಕರ್ಯ ಇದೆ; ಕತ್ತರಿಸಿದೆ. ಚಹಾ ಕುಡಿಯಲು ಹೋಗಿರಬೇಕು ಎಂದುಕೊಂಡೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ನನ್ನ ಮೊದಲ ಆದಿತ್ಯವಾರ ಬಂತು. ಪಡೀಲಿನ ಮನೆಯಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದು, ಐರಿನ್ ಮೇಡಂ ಬರೆದಂತೆಯೇ ಬರೆದು, ಎಂಟರ್ ಒತ್ತಿದೆ. ಒಂದೇ ನಿಮಿಷದಲ್ಲಿ ಲ್ಯಾಬಿನ ವಸಂತಿಯಕ್ಕ ಮೆಟ್ಟಿಲು ಹತ್ತಿ ಬಂದರು.

"ಎಂತ ಮಾಡಿದ್ದು ಮಾರಾಯ್ರೆ? ಹದಿನಾಲ್ಕು ರಿಪೋರ್ಟ್ ಹಾಕಿದ್ದೆ, ಈಗ ಒಂದೂ ಇಲ್ಲ!"

ಅಂಕಿಗಳೆಲ್ಲ ಕಾಗದದಲ್ಲಿ ಇದ್ದವು ಎನ್ನುವುದೊಂದು ಪುಣ್ಯ. ಕಂಪ್ಯೂಟರ್ ಎದ್ದ ಮೇಲೆ ನಾನು ಒಂದೊಂದನ್ನೇ ಓದಿ ಹೇಳಿದೆ, ಅವರು ಹದಿನಾಲ್ಕನ್ನೂ ಮತ್ತೆ ಹಾಕಿದರು. ಹೊರಗೆ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದಿದ್ದ ಅಜ್ಜಿಯೊಬ್ಬರು ರಿಪೋರ್ಟಿಗಾಗಿ ಕಾದು ಕಾದು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮಧ್ಯಾಹ್ನ ಐರಿನ್ ಮೇಡಮ್ಮಿಗೆ ಫೋನ್ ಮಾಡಿ, ಆ ಒಂಬತ್ತು ನಿಮಿಷ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ.

"ಲ್ಯಾಬಿಗೆ. ಆಮೇಲೆ ಫಾರ್ಮಸಿಗೆ. ನಿಲ್ಲಿಸ್ಲಿಕ್ಕೆ ಉಂಟು, ಎಲ್ಲ ಸೇವ್ ಮಾಡಿ ಅಂತ ಹೇಳಿ ಬಂದೆ."

"ಫೋನ್ ಮಾಡಿದ್ರೆ ಸಾಕಾಗ್ತಿರ್ಲಿಲ್ವಾ ಮೇಡಂ?"

"ಫೋನಲ್ಲಿ ಎಲ್ರೂ ಆಯ್ತು ಆಯ್ತು ಹೇಳ್ತಾರೆ ಮಾರಾಯ. ಎದುರು ಹೋಗಿ ನಿಂತ್ರೆ ಮಾತ್ರ ಮಾಡ್ತಾರೆ."

"ನನಗೆ ಹೇಳ್ಲೇ ಇಲ್ಲ ನೀವು!"

"ಅದ್ರಲ್ಲಿ ಹೇಳ್ಲಿಕ್ಕೆ ಎಂತ ಉಂಟು?"

ನಿಜ. ಇಪ್ಪತ್ತು ವರ್ಷ ಹೀಗೆ ಹೋಗಿ ಹೇಳಿ ಬಂದದ್ದೂ ಒಂದು ಕೆಲಸ ಎಂದು ಅವರಿಗೇ ಅನ್ನಿಸುತ್ತಿರಲಿಲ್ಲ. ಕೈ ಮಾಡಿದ್ದೆಲ್ಲ ರೆಕಾರ್ಡ್ ಆಗಿತ್ತು, ಕಾಲು ಮಾಡಿದ್ದು ಆಗಿರಲಿಲ್ಲ. ನಾನು ಬೆರಳುಗಳನ್ನು ಭಕ್ತಿಯಿಂದ ನೋಡಿ, ಮುಖ್ಯ ಕೆಲಸವನ್ನೇ ಕತ್ತರಿಸಿ ಎಸೆದಿದ್ದೆ.

ಮುಂದಿನ ತಿಂಗಳು ನಾನೂ ರೆಕಾರ್ಡಿಂಗ್ ಹಾಕಿ ಕೂತೆ. ನನ್ನ ನಂತರ ಯಾರಾದರೂ ಬರಬೇಕಲ್ಲ. ಸಾಲಿನ ಮೊದಲಿಗೆ ಒಂದು ಚಿಹ್ನೆ ಹಾಕಿದರೆ, ಅದರ ಮುಂದೆ ಬರೆದದ್ದಕ್ಕೆ ಕಂಪ್ಯೂಟರ್ ಕಿವಿಗೊಡುವುದಿಲ್ಲ, ಮನುಷ್ಯರು ಓದಬಹುದು. ಅಲ್ಲಿ, "ಲ್ಯಾಬಿಗೆ ಹೋಗಿ ಬರುತ್ತೇನೆ, ನೀವೂ ಹೋಗಿ" ಎಂದು ಬರೆದು ಎದ್ದೆ.

ಮರಳಿ ಬರುವಾಗ ಇಪ್ಪತ್ತಾರು ನಿಮಿಷ ಆಗಿತ್ತು. ಐರಿನ್ ಮೇಡಂ ಒಂಬತ್ತರಲ್ಲಿ ಮುಗಿಸಿದ್ದರು, ಒಪ್ಪಿದೆ. ಆದರೆ ಅವರು ಯಾರ ಕೆಲಸವನ್ನೂ ಅಳಿಸಿದವರಲ್ಲ. ನನ್ನನ್ನು ವಸಂತಿಯಕ್ಕ ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟು, ಕೊನೆಯ ರಿಪೋರ್ಟ್ ಪ್ರಿಂಟ್ ಆಗಿ ಹೊರಗೆ ಬಂದ ಮೇಲೆಯೇ ಬಾಯಿ ಬಿಟ್ಟಿದ್ದರು.

"ಹಾಂ, ಇನ್ನು ಹೋಗಿ ಒತ್ತಿ."