ಜೈಲಿನಲ್ಲೊಂದು ಕುಣಿ ಮಗ್ಗ

ಜೈಲಿನೊಳಗೆ ಕುಣಿ ತೋಡಿರಿ ಎಂದು ಸರಕಾರದವರಿಗೆ ಹೇಳಿದ ಮೊದಲ ಮನುಷ್ಯ ನಾನೇ ಇರಬೇಕು.

ಯಾವ ಜೈಲು ಎಂದು ಬರೆಯುವುದಿಲ್ಲ. ಇಳಕಲ್ಲಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಹುನಗುಂದ, ಕಮತಗಿ ದಾಟಿ, ಕಂಡಕ್ಟರನ ಜೊತೆ ಒಂದು ಜಗಳ ಮುಗಿಸುವಷ್ಟರಲ್ಲಿ ತಲುಪುವ ದೂರ. ಹೊಸ ಕಟ್ಟಡ. ಗಾಳಿ ಬೆಳಕು ಚೆನ್ನಾಗಿ ಬರುವ ಬ್ಯಾರಕ್ಕುಗಳು, ಮೂಲೆ ಮೂಲೆಗೆ ಕ್ಯಾಮೆರಾ. ಕೈದಿಗಳು ಕೋರ್ಟಿಗೆ ಹೋಗುವ ಬದಲು ಟಿ.ವಿ. ಪರದೆಯ ಮುಂದೆ ಕುಳಿತು ನ್ಯಾಯಾಧೀಶರಿಗೆ ಕೈ ಮುಗಿಯುತ್ತಾರೆ. ಗೋಡೆಯ ಒಂದು ಯಂತ್ರಕ್ಕೆ ಬೆರಳು ಒತ್ತಿದರೆ ಶಿಕ್ಷೆ ಇನ್ನೆಷ್ಟು ದಿನ ಉಳಿದಿದೆ ಎಂದು ಅದೇ ತೋರಿಸುತ್ತದೆ. ಕೈದಿಗಳಿಗೆ ಇಳಕಲ್ ಸೀರೆ ನೇಯುವುದನ್ನು ಕಲಿಸಬೇಕೆಂದು ನನ್ನನ್ನು ಅಲ್ಲಿಗೆ ಕರೆದರು. ಹೋಗಿ ನೋಡಿದರೆ ಷೆಡ್ಡಿನ ನೆಲಕ್ಕೆಲ್ಲ ಗಟ್ಟಿ ಕಾಂಕ್ರೀಟು.

ನಮ್ಮದು ಕುಣಿ ಮಗ್ಗ. ನೇಕಾರ ನೆಲದ ಮಟ್ಟಕ್ಕೆ ಕೂರಬೇಕು, ಕಾಲು ಎರಡೂ ಕುಣಿಯೊಳಗೆ ಇಳಿದು ಹಲಗೆ ತುಳಿಯಬೇಕು. ಇದನ್ನು ಹೇಳಿದಾಗ ಕಟ್ಟಡದ ಎಂಜಿನಿಯರ್ ಹುಡುಗ ಹೊಟ್ಟೆ ಹಿಡಿದು ನಕ್ಕ.

“ಜೈಲಿನ್ಯಾಗ ಕುಣಿ ತೋಡೂದೇನ್ರಿ ಅಜ್ಜಾರ? ನಾಳೆ ಎಲ್ಲಾರೂ ಕುಣಿಯಾಗಿಂದ ಹೋಗಿ ಹುನಗುಂದದಾಗ ಏಳ್ತಾರ!”

“ಹಂಗಾದ್ರ ನನಗ ಬಸ್ ಚಾರ್ಜ್ ಉಳೀತೈತಿ. ತೋಡ್ರಿ” ಅಂದೆ.

ಜೈಲಿನ ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಅವರೊಬ್ಬರು ನಗಲಿಲ್ಲ. ಒಂದೇ ಒಂದು ಕುಣಿಗೆ ಒಪ್ಪಿಗೆ ಕೊಟ್ಟರು. ಕುಣಿಯೊಳಗೆ ಕ್ಯಾಮೆರಾ ಕಣ್ಣು ಇಳಿಯುವುದಿಲ್ಲ, ಏನಾದರೂ ಆದರೆ ಹೊಣೆ ನಿಮ್ಮದು ಎಂದು ಸಹಿ ಹಾಕಿಸಿಕೊಂಡರು. ನಾನು ಓದದೆಯೇ ಹಾಕಿದೆ.

ಎಳೆ ಕತ್ತರಿಸುವ ಬ್ಲೇಡಿನ ವಿಷಯಕ್ಕೂ ಇದೇ ರಂಪಾಟ. ಕತ್ತರಿಗೆ ಸರಪಳಿ ಬಿಗಿದು ಗೋಡೆಗೆ ಕಟ್ಟಿದ್ದರು, ಅದು ಮಗ್ಗದವರೆಗೆ ಬರುತ್ತಿರಲಿಲ್ಲ. ಕೊನೆಗೆ ಅರ್ಧ ಬ್ಲೇಡು ಒಂದನ್ನು ದಿನಾ ಬೆಳಿಗ್ಗೆ ಸಹಿ ಮಾಡಿಸಿ ಕೊಡುವುದು, ಸಂಜೆ ಉಳಿದ ಸಾಮಾನಿನ ಜೊತೆ ಎಣಿಸಿ ವಾಪಸು ಪಡೆಯುವುದು ಎಂದು ಠರಾವಾಯಿತು.

ಬಾಗಿಲಲ್ಲಿ ಲೋಹ ಹಿಡಿಯುವ ಯಂತ್ರದ ಚೌಕಟ್ಟು ಇದೆ. ನಾನು ದಾಟಿದಾಗಲೆಲ್ಲ ಕೂಗುತ್ತದೆ. ಹಳೆಯ ಒಂದು ಅಪಘಾತದಲ್ಲಿ ನನ್ನ ಬಲಗಾಲಿನ ಎಲುಬಿಗೆ ರಾಡು ಹಾಕಿದ್ದಾರೆ. ಮೊದಲ ವಾರ ವಾರ್ಡರುಗಳು ಮೈಯೆಲ್ಲ ತಡಕಿದರು. ಆಮೇಲೆ ಅದು ಕೂಗಿದರೆ “ಗುರುಗಳ ಕಾಲು ಬಂತು” ಎಂದು ನಗುತ್ತ ಬಿಟ್ಟುಬಿಡುತ್ತಿದ್ದರು. ಹಿರಿಯ ಎಂದು ನನ್ನ ಟೋಪಿಯನ್ನು ಒಮ್ಮೆಯೂ ತೆಗೆಸಲಿಲ್ಲ.

ಅಲ್ಲಿ ಬೀಗದ ಕೈ ಹಿಡಿದವರೆಲ್ಲ ಕೈದಿಗಳಿಗೆ ‘ಸಾಹೇಬ್ರು’. ನಾನು ‘ಗುರುಗಳು’. ಒಬ್ಬ ಮಾತ್ರ ನನ್ನನ್ನು ‘ಕಾಕಾ’ ಎನ್ನುತ್ತಿದ್ದ. ಕಲಾದಗಿ ಕಡೆಯ ರೈತ, ನಲವತ್ತೈದರ ಮೇಲಿನವನು. ಹೊಲದ ಬದುವಿನ ಜಗಳದಲ್ಲಿ ಸ್ವಂತ ಅಣ್ಣನ ತಲೆಗೆ ಸಲಿಕೆಯ ಕಾವಿನಿಂದ ಹೊಡೆದಿದ್ದ. ಅಣ್ಣ ಬದುಕಿದ, ಆದರೆ ಮಾತು ಹೋಯಿತು. ಇದನ್ನು ಅವನೇ ನನಗೆ ಹೇಳಿದ್ದು, ಯಾರೂ ಕೇಳದಿದ್ದಾಗ, ದನಿ ತಗ್ಗಿಸಿ. “ಅದ ಕೈಲೆ ಈಗ ಎಳಿ ಹಿಡಿತೀನಿ ನೋಡ್ರಿ ಕಾಕಾ” ಎಂದಿದ್ದ.

ಎಳೆ ಹಿಡಿಯುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಇಳಕಲ್ ಸೀರೆಯ ಒಡಲಿನ ಹಾಸು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸಿದ ಎಳೆಗಳು, ಬೇರೆ; ಸೆರಗಿನ ರೇಷ್ಮೆ ಹಾಸು ಬೇರೆ. ಸಾವಿರಾರು ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಇಬ್ಬರು ಎದುರುಬದುರು ಕುಳಿತು, ಹಣೆಗೆ ಹಣೆ ತಾಗುವಂತೆ ಬಾಗಿ ಕೆಲಸ ಮಾಡಬೇಕು. ಒಬ್ಬ ಎಳೆ ಕೊಡುತ್ತಾನೆ, ಇನ್ನೊಬ್ಬ ಕೊಂಡಿ ಹಾಕುತ್ತಾನೆ. ಅಷ್ಟು ಹತ್ತಿರ ಕುಳಿತವರು ಸುಮ್ಮನಿರುವುದು ಕಷ್ಟ. ಅವನ ಮನೆಯ ಸುದ್ದಿಯೆಲ್ಲ ನನಗೆ ಗೊತ್ತಾದದ್ದು ಹಾಗೆ.

ಅವನ ಮಗಳು ಒಂದು ಸಲವೂ ಜೈಲಿಗೆ ಬಂದಿರಲಿಲ್ಲ. ದೊಡ್ಡಪ್ಪನ ತೊಡೆಯ ಮೇಲೆ ಬೆಳೆದ ಹುಡುಗಿ, ಅಪ್ಪನನ್ನು ಕ್ಷಮಿಸಿರಲಿಲ್ಲ. ಜೈಲಿನಲ್ಲಿ ವಿಡಿಯೋ ಕಾಲ್ ಸುರುವಾದ ಮೇಲೆ ಹೆಂಡತಿ ಮಾತಾಡುವಾಗ ಮಗಳು ಪರದೆಯ ಅಂಚಿನಲ್ಲಿ ಅರ್ಧ ಕಾಣುತ್ತಿದ್ದಳಂತೆ. ಈಗ ಅವಳಿಗೆ ಏಳು ತಿಂಗಳು, ಕುಬಸ ಮಾಡಬೇಕು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸುವುದು ನಮ್ಮ ಕಡೆ ಬಿಡುವಂಥ ಪದ್ಧತಿಯಲ್ಲ. “ಯಾ ನಮೂನಿ ಹಸರ ಬೇಕವ್ವಾ?” ಎಂದು ಇವನು ಕೇಳಿದ್ದಾನೆ. ಅವಳು ಕೈಯ ಒಂದು ಬಳೆ ತೆಗೆದು ಪರದೆಗೆ ಹಿಡಿದಳಂತೆ.

ಆ ಬಳೆಯ ಬಣ್ಣವನ್ನು ಇವನು ನನಗೆ ನೂರು ಸಲ ವರ್ಣಿಸಿದ. ಇಳಕಲ್ಲಿನಲ್ಲಿ ಬಣ್ಣದವನ ಹತ್ತಿರ ನಾನೇ ನಿಂತು ನೂಲಿಗೆ ಬಣ್ಣ ಹಾಕಿಸಿದೆ. ಒಡಲು ನೇಯ್ದು ಮುಗಿಯುತ್ತ ಬಂದಿತ್ತು. ಅವನಿಗೆ ಬುಧವಾರದಿಂದ ಐದು ದಿನ ಪೆರೋಲ್ ರಜೆ ಮಂಜೂರಾಗಿತ್ತು. ಶನಿವಾರ ಕೊಂಡಿ ಕೆಲಸಕ್ಕೆ ಕುಳಿತೆವು. ಸೋಮವಾರ, ಮಂಗಳವಾರ ಸೆರಗು ನೇಯ್ದರೆ ಸೀರೆ ತಯಾರು.

ಆ ಶನಿವಾರ ಮಧ್ಯಾಹ್ನ ಹೆಣ್ಣುಮಕ್ಕಳ ಬ್ಯಾರಕ್ಕಿನಲ್ಲಿ ತಾಯಿಯ ಜೊತೆ ಇರುವ ಮೂರು ವರ್ಷದ ಒಂದು ಕೂಸನ್ನು ವಾರ್ಡರಮ್ಮ ಅಂಗನವಾಡಿಯಿಂದ ವಾಪಸು ಕರೆದೊಯ್ಯುತ್ತಿದ್ದರು. ಅದು ಕೈ ಕೊಸರಿಕೊಂಡು ನಮ್ಮ ಷೆಡ್ಡಿಗೆ ಓಡಿಬಂದು ಮಗ್ಗದ ಮೇಲೆ ಬಿತ್ತು. ಎಲ್ಲರೂ ಎತ್ತಿ ಮುದ್ದಾಡಿದರು. ಹೊರಗೆ ಎಂಥ ಕೇಡು ಮಾಡಿ ಬಂದವರಾದರೂ ಕೂಸು ಕಂಡರೆ ಎತ್ತಿಕೊಳ್ಳಲು ಅಲ್ಲಿ ಗುದ್ದಾಟವೇ.

ಸಂಜೆ ಎಣಿಸುವಾಗ ಅರ್ಧ ಬ್ಲೇಡು ಇರಲಿಲ್ಲ.

ವಾರ್ಡರ್ ಎರಡನೇ ಸಲ ಎಣಿಸಿದ. ಮೂರನೇ ಸಲ ಎಣಿಸುವ ಮೊದಲು ಸೀಟಿ ಊದಿದ. ಬಾಗಿಲುಗಳು ಒಂದರ ಹಿಂದೆ ಒಂದು ತಾವೇ ಮುಚ್ಚಿಕೊಂಡವು. ಕೈದಿಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಅಂಗಿ ಬಿಚ್ಚಿಸಿದರು. ಒಬ್ಬ ಕುಣಿಗೆ ಇಳಿದು ಬ್ಯಾಟರಿ ಹಾಕಿ ಹುಡುಕಿದ. ಇನ್ನೊಬ್ಬ ಹಸಿರು ಹಾಸನ್ನು ಹಿಡಿದು ಜಾಡಿಸಿದ, ಆಗತಾನೆ ಹಾಕಿದ ಕೊಂಡಿಗಳು ಪಟಪಟ ಕಿತ್ತವು. ನನ್ನನ್ನು ಕ್ಯಾಮೆರಾ ಕೋಣೆಗೆ ಕರೆದರು. ಪರದೆಯಲ್ಲಿ ನಮ್ಮ ಇಡೀ ಮಧ್ಯಾಹ್ನ ಹಿಂದೆ ಮುಂದೆ ಓಡಿತು. ಕೂಸು ಬಂತು, ನಾನು ಟೋಪಿ ಸರಿ ಮಾಡಿಕೊಂಡೆ, ಎಲ್ಲರೂ ಎದ್ದರು. ಆ ಗದ್ದಲದಲ್ಲಿ ಕಲಾದಗಿಯವನು ಒಬ್ಬನೇ ಕುಣಿಯೊಳಗೆ ಬಾಗಿದ. ಎರಡು ಸಲ ಬಾಗಿದ.

“ಅಲ್ಲಿ ನೋಡಿ” ಎಂದರು ಅಧಿಕಾರಿ.

ನನ್ನ ತಲೆ ಕೆಟ್ಟಿತು. ಈ ಕುಣಿಗಾಗಿ ಎಷ್ಟು ಜನರ ಜೊತೆ ಜಗಳಾಡಿದ್ದೆ! ನೆಟ್ಟಗೆ ಷೆಡ್ಡಿಗೆ ಹೋಗಿ ಎಲ್ಲರ ಮುಂದೆ, ಅವನು ಮತ್ತೆ ತೊಟ್ಟುಕೊಂಡಿದ್ದ ಅಂಗಿ ಹಿಡಿದು ಎಳೆದೆ.

“ಎಲ್ಲಿ ಇಟ್ಟೀಲೇ? ಕೊಡು!”

“ನಾ ತಗೊಂಡಿಲ್ರಿ ಕಾಕಾ. ಉಂಡಿ ಬಿದ್ದಿತ್ತು, ನೂಲಿನ ಉಂಡಿ. ಅದನ್ನ ತಗೋಳಾಕ ಬಗ್ಗಿದ್ನಿ.”

“ಒಡಹುಟ್ಟಿದ ಅಣ್ಣನ ತಲಿ ಒಡದಂವಗ ಒಂದ ಬ್ಲೇಡ ಕದಿಯೂದು ದೊಡ್ಡದನ?”

ಅವನು ನನ್ನ ಮುಷ್ಟಿಯಿಂದ ಅಂಗಿ ಬಿಡಿಸಿಕೊಂಡ. ಅವನನ್ನು ಬೇರೆ ಕೋಣೆಯಲ್ಲಿ ಹಾಕಿದರು. ಬ್ಲೇಡು ಸಿಗುವವರೆಗೆ ರಜೆಯ ಕಾಗದ ತಡೆಹಿಡಿಯುತ್ತೇನೆ, ಕುಣಿಗೆ ಕಾಂಕ್ರೀಟು ತುಂಬಿಸುತ್ತೇನೆ ಎಂದರು ಅಧಿಕಾರಿ. ನಾನು ಹೊರಬಿದ್ದೆ. ಯಂತ್ರ ಕೂಗಿತು. ಅಂಥ ಹೊತ್ತಿನಲ್ಲೂ ವಾರ್ಡರ್ “ಕಾಲು, ಹೋಗ್ರಿ” ಎಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನನ್ನು ಬೈದುಕೊಳ್ಳುತ್ತಲೇ ಇದ್ದೆ.

ಮರುದಿನ ರವಿವಾರ. ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ ನನ್ನನ್ನು ಕೂಗಿದಳು.

“ಏನ್ರೀ, ಟೋಪಿಯಾಗ ಬ್ಲೇಡ ಇಟ್ಟೀರಲ್ಲ! ಈಗ ಕೈ ಕೊಯ್ಕೋತಿದ್ನಿ.”

ಬಿಳಿ ಟೋಪಿಯ ಮಡಿಕೆಯಲ್ಲಿ, ಹಸಿರು ನೂಲಿನ ಚಿಂದಿಯಲ್ಲಿ ಅಚ್ಚುಕಟ್ಟಾಗಿ ಸುತ್ತಿ ಇಟ್ಟಿತ್ತು. ಸುತ್ತಿದ ರೀತಿ ನನ್ನದೇ. ನಮ್ಮ ಓಣಿಯಲ್ಲಿ ಮಗ್ಗದ ಸುತ್ತಲೇ ಮಕ್ಕಳು ಆಡುತ್ತವೆ. ಕೂಸು ಹತ್ತಿರ ಬಂತೆಂದರೆ ನೇಕಾರ ಮೊದಲು ಬ್ಲೇಡನ್ನು ಚಿಂದಿಯಲ್ಲಿ ಸುತ್ತಿ ಟೋಪಿಗೆ ಸಿಕ್ಕಿಸುತ್ತಾನೆ. ನನ್ನ ಅಪ್ಪ ಹಾಗೆ ಮಾಡುತ್ತಿದ್ದ. ಐವತ್ತು ವರ್ಷದಿಂದ ನಾನೂ ಮಾಡುತ್ತಿದ್ದೇನೆ. ಕೈ ತನ್ನಷ್ಟಕ್ಕೆ ತಾನು ಮಾಡುವ ಕೆಲಸ, ತಲೆಗೆ ಸುದ್ದಿ ಮುಟ್ಟುವುದೇ ಇಲ್ಲ. ಪರದೆಯಲ್ಲಿ ನನ್ನ ಕೈ ಟೋಪಿಗೆ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

ಸುಳ್ಳು ಯಾಕೆ ಬರೆಯಲಿ, ಮೊದಲು ಹೊಳೆದದ್ದು ಹಿತ್ತಲಿನ ತಿಪ್ಪೆ. ಎಸೆದರೆ ಮುಗಿಯಿತು. ಹೇಳಿದರೆ ಕೆಲಸ ಹೋಗುತ್ತದೆ, ಜೈಲಿನಿಂದ ಬ್ಲೇಡು ಸಾಗಿಸಿದ ಎಂದು ನನ್ನ ಮೇಲೆಯೇ ಕೇಸು ಹಾಕಿದರೂ ಹಾಕಿಯಾರು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಬೈದವನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೋಪಿನ ಕೈ ಒರೆಸಿಕೊಂಡಳು.

“ಆ ಮನಶ್ಯಾ ಬುಧವಾರ ಮಗಳ ಕುಬಸಕ್ಕ ಹೋಗಬೇಕಲ್ರಿ?”

“ಹೋಗಬೇಕು.”

“ಮತ್ತ ನೀವ್ಯಾಕ ಇನ್ನೂ ಕುಂತೀರಿ?”

ಒದ್ದೆ ಟೋಪಿಯನ್ನೇ ಹಾಕಿಕೊಂಡು ಹೊರಟೆ. ಬ್ಲೇಡನ್ನು ಜೇಬಿಗೆ ಇಟ್ಟೆ, ತೆಗೆದೆ, ಚೀಲಕ್ಕೆ ಹಾಕಿದೆ, ಮತ್ತೆ ತೆಗೆದೆ. ಕೊನೆಗೆ ಇದ್ದ ಜಾಗಕ್ಕೇ ಸಿಕ್ಕಿಸಿದೆ. ಕಮತಗಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಇಳಿದುಬಿಡಲೇ ಎನಿಸಿತು. ನನಗೆ ಇಷ್ಟು ಅಂಜಿಕೆ ಇದೆ ಎಂದು ಅರವತ್ತು ದಾಟಿದ ಮೇಲೆ ಗೊತ್ತಾಯಿತು.

ಯಂತ್ರದ ಚೌಕಟ್ಟು ದಾಟಿದೆ. ಕೂಗಿತು.

“ಐತವಾರಾನೂ ಬಂದ್ರ್ಯಾ ಗುರುಗಳ? ಕಾಲು, ಹೋಗ್ರಿ ಹೋಗ್ರಿ.”

“ಕಾಲಲ್ಲಪಾ” ಎಂದೆ. ಟೋಪಿ ತೆಗೆದು ಅವನ ಮೇಜಿನ ಮೇಲೆ ಇಟ್ಟೆ. ಮಡಿಕೆ ಬಿಡಿಸಿ ತೋರಿಸಿದೆ. ಅವನ ಮುಖದ ನಗು ಇಳಿಯಿತು.

ಅಧಿಕಾರಿ ಬೈಯಲಿಲ್ಲ. ಬೈದಿದ್ದರೆ ತಿರುಗಿ ಮಾತಾಡಿ ಹಗುರಾಗುತ್ತಿದ್ದೆ. ಆದದ್ದನ್ನೆಲ್ಲ ನನ್ನ ಕೈಯಿಂದಲೇ ಬರೆಸಿಕೊಂಡರು, ರಜೆ ತಡೆಹಿಡಿದ ಟಿಪ್ಪಣಿಯ ಮೇಲೆ ಗೆರೆ ಎಳೆದರು. ಆಮೇಲೆ ಕೇಳಿದರು: “ನಿನ್ನೆ ಅವನ ಅಂಗಿ ಹಿಡಿದವರು ನೀವೇ ಅಲ್ವಾ? ಹೋಗಿ, ನೀವೇ ಹೇಳಿ.”

ಅವನ ಕೋಣೆಯ ಸರಳಿನ ಮುಂದೆ ನಿಂತೆ. “ತಪ್ಪಾತಪಾ. ಬ್ಲೇಡ ನನ್ನ ಟೋಪಿಯಾಗಿತ್ತು” ಎಂದೆ.

ಅವನು ಕುಳಿತಲ್ಲಿಂದ ಏಳಲಿಲ್ಲ. “ಇಲ್ಲಿ ಯಾಕ ಹೇಳ್ತೀರಿ? ಇಲ್ಲಿ ಯಾರದಾರ? ಎಲ್ಲಾರ ಮುಂದ ಅಂಗಿ ಹಿಡದ್ರಿ. ಅಲ್ಲಿ ಹೇಳ್ರಿ.”

ಅಧಿಕಾರಿಯ ಅಪ್ಪಣೆ ಪಡೆದು ವಾರ್ಡರುಗಳು ಎಲ್ಲರನ್ನೂ ಷೆಡ್ಡಿನಲ್ಲಿ ಸೇರಿಸಿದರು. ಹೇಳಿದೆ. ಟೋಪಿ ಕೈಯಲ್ಲಿ ಹಿಡಿದು, ಮಡಿಕೆ ಬಿಚ್ಚಿ, ಕೂಸು ಬಂದದ್ದು, ಕೈ ತಾನಾಗಿ ಬ್ಲೇಡು ಸಿಕ್ಕಿಸಿದ್ದು ಎಲ್ಲ ಹೇಳಿದೆ. ಹಿಂದೆ ಯಾರೋ ಕಿಸಕ್ಕೆಂದರು. ಅವನು ಮಾತ್ರ ಇನ್ನೂ ಕಾಯುತ್ತಿದ್ದ.

“ಬ್ಲೇಡಿಂದು ಆತ್ರಿ. ಆ ಇನ್ನೊಂದು ಮಾತು?”

ಯಾವ ಮಾತು ಎಂದು ನನಗೆ ಗೊತ್ತಿತ್ತು. ಷೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದನ್ನು ವಾಪಸು ಪಡೆಯಲು ಏನು ಹೇಳಬೇಕೆಂದೇ ತಿಳಿಯಲಿಲ್ಲ. ಅದು ಸುಳ್ಳಾಗಿದ್ದರೆ ಸುಳ್ಳು ಎಂದುಬಿಡಬಹುದಿತ್ತು. ಅವನು ನಂಬಿ ಹೇಳಿಕೊಂಡ ಖರೆ ಮಾತನ್ನು ನಾನು ತೆಗೆದು ಅವನ ಮುಖಕ್ಕೆ ಎಸೆದಿದ್ದೆ. ಅವನು ಮಗ್ಗದ ಆಚೆ ಬದಿಗೆ ಹೋಗಿ ಕುಳಿತ, ಕಿತ್ತ ಎಳೆಗಳನ್ನು ಆರಿಸತೊಡಗಿದ. ನಾನು ಎದುರು ಕುಳಿತೆ. ಕೊಂಡಿ ಒಬ್ಬನಿಂದ ಆಗುವ ಕೆಲಸವಲ್ಲ.

ಆ ದಿನ ಸಂಜೆಯವರೆಗೆ ಹಣೆಗೆ ಹಣೆ ತಾಗುವಂತೆ ಬಾಗಿ ಕುಳಿತಿದ್ದೆವು. ಎಳೆ ಕೊಟ್ಟೆ, ಕೊಂಡಿ ಹಾಕಿದ. ಬ್ಲೇಡು ಬೇಕಾದಾಗ ಕೈ ಚಾಚಿದ. ಕತ್ತರಿಸಿ ತಟ್ಟೆಯಲ್ಲಿ ಠಣ್ಣೆಂದು ಇಟ್ಟು, ನಾನು ನೋಡುವವರೆಗೆ ಬೆರಳನ್ನು ಅದರ ಮೇಲಿಂದ ತೆಗೆಯಲಿಲ್ಲ. ಪ್ರತಿ ಸಲವೂ ಹಾಗೆಯೇ. ಸೋಮವಾರ, ಮಂಗಳವಾರ ಸೆರಗು ನೇಯ್ದ. ಮೂರು ದಿನದಲ್ಲಿ ಅವನ ಬಾಯಿಂದ ಮನೆಯ ಸುದ್ದಿ ಒಂದೂ ಬರಲಿಲ್ಲ.

ನನ್ನ ಕೆಲಸ ಉಳಿಯಿತು, ಒಂದು ನೋಟೀಸಿನ ಜೊತೆ. ಕುಣಿಯೂ ಉಳಿಯಿತು. ಅದರೊಳಗೆ ಈಗ ಸಣ್ಣ ಕ್ಯಾಮೆರಾ ಕೂರಿಸಿದ್ದಾರೆ, ನನ್ನ ರಾಡಿನ ಕಾಲು ದಿನಾ ಟಿ.ವಿ.ಯಲ್ಲಿ ಬರುತ್ತದೆ. ಬಾಗಿಲಲ್ಲಿ ನಾನಾಗಿಯೇ ಟೋಪಿ ತೆಗೆಯುತ್ತೇನೆ, ಯಾರೂ ಬೇಡ ಎನ್ನುವುದಿಲ್ಲ.

ಬುಧವಾರ ಬೆಳಿಗ್ಗೆ ನಾನು ಒಳಗೆ ಬರುವಾಗ ಅವನು ಹೊರಗೆ ಹೊರಟಿದ್ದ. ಮೈಮೇಲೆ ಅವನದೇ ಹಳೆಯ ಅಂಗಿ, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಸೀರೆ. ಪೇಪರು ಹರಿದ ಅಂಚಿನಲ್ಲಿ ಬಳೆಯ ಹಸಿರು ಕಾಣುತ್ತಿತ್ತು. ಯಂತ್ರದ ಚೌಕಟ್ಟು ದಾಟಿದ. ಅದು ಸದ್ದು ಮಾಡಲಿಲ್ಲ. ನಾನು ಟೋಪಿ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿದು ನಿಂತೆ.

“ಮಗಳು ಸೀರಿ ಉಟ್ಟಾಗ ಸೆರಗು ಹೆಂಗ ಬಿತ್ತು, ಬಂದು ಹೇಳಪಾ” ಎಂದೆ.

ಅವನು ತಿರುಗಿ ಎರಡೂ ಕೈ ಜೋಡಿಸಿದ, ಅಲ್ಲಿ ಬೀಗದ ಕೈ ಹಿಡಿದವರಿಗೆಲ್ಲ ಜೋಡಿಸುವ ಹಾಗೆ.

“ಹೇಳ್ತೇನ್ರಿ, ಸಾಹೇಬ್ರ” ಎಂದ.